ಕಡಲಿಲ್ಲದ ಊರಿಗೆ ಬಂದ ಹಡಗುಗಳು

ಮೈಸೂರು, ಭಾನುವಾರ ಸಂಜೆ

ಪ್ರಿಯ ಮಿತ್ರರೇ,

ಹಳೇ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ್ದ ಆ ಹಡಗಿನ ಚಿತ್ರವನ್ನು ಕೊನೆಗೂ ದೇವರಾಜ ಮಾರುಕಟ್ಟೆ ಹತ್ತಿರದ ಅಂಗಡಿಯಲ್ಲಿ ಕಟ್ಟು ಹಾಕಿಸಲು ಕೊಟ್ಟೆ. ಹತ್ತೊಂಬತ್ತನೆಯ ಶತಮಾನದ ಅಚ್ಚು. ಕೆಳಗೆ ‘ನೈಲ್ ಕದನ’ ಎಂಬಷ್ಟನ್ನು ಓದಬಹುದು. ಕಲಾವಿದನ ಹೆಸರಿದ್ದ ಮೂಲೆ ಗೆದ್ದಲ ಪಾಲು.

ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ, ಆಮ್ಲದಲ್ಲಿ ಅದ್ದಿ ತೆಗೆಯುವ ಅಚ್ಚು ಇದು. ತಗಡು ಒತ್ತಿದ ಗುರುತು ಈಗಲೂ ಬೆರಳಿಗೆ ಸಿಗುತ್ತದೆ. ಬಣ್ಣ ಮಾತ್ರ ಕೈಯಿಂದ ಹಚ್ಚಿದ್ದು. ಒಂದು ಕಡೆ ಆಕಾಶದ ನೀಲಿ ಗೆರೆ ದಾಟಿ ಹಾಯಿಯೊಳಕ್ಕೆ ನುಗ್ಗಿದೆ. ಪಾಪ, ದಿನಕ್ಕೆ ಎಷ್ಟು ಹಾಳೆ ಮುಗಿಸಬೇಕಿತ್ತೋ!

ಎಡಕ್ಕೆ ಲಂಗರು ಹಾಕಿ ನಿಂತ ಫ್ರೆಂಚ್ ಸಾಲು. ಬಲದಿಂದ ಹಾಯಿ ಬಿಚ್ಚಿಕೊಂಡು ಬರುತ್ತಿರುವವರು ಇಂಗ್ಲಿಷರು. 1798ರ ಆಗಸ್ಟ್ 1, ಹೊತ್ತು ಮುಳುಗುವ ಸಮಯ, ಈಜಿಪ್ಟಿನ ಅಬೂಕಿರ್ ಕೊಲ್ಲಿ. ದಡದ ಕಡೆ ನೀರು ಆಳವಿಲ್ಲ, ಅತ್ತಲಿಂದ ಯಾರು ಬಂದಾರು ಎಂದು ಫ್ರೆಂಚರು ನಿಶ್ಚಿಂತೆಯಿಂದಿದ್ದರು. ಇಂಗ್ಲಿಷರ ಸಾಲಿನ ಮುಂದಿದ್ದ ‘ಗೋಲಿಯಾತ್’ ಹಡಗು ಅತ್ತಲಿಂದಲೇ ನುಸುಳಿತು. ರಾತ್ರಿ ಹತ್ತರ ಸುಮಾರಿಗೆ ಫ್ರೆಂಚ್ ನೌಕಾಪತಿಯ ‘ಲೋರಿಯಾಂ’ ಹಡಗು ಮದ್ದಿಗೆ ಬೆಂಕಿ ತಗುಲಿ ಸಿಡಿಯಿತು. 13 ದೊಡ್ಡ ಯುದ್ಧನೌಕೆಗಳಲ್ಲಿ ತಪ್ಪಿಸಿಕೊಂಡದ್ದು ಎರಡೇ.

ಇದಕ್ಕೂ ನಮಗೂ ಏನು ಅಂತೀರಾ? 1796ರಲ್ಲೇ 40 ಯುದ್ಧನೌಕೆ ಕಟ್ಟಲು ಹುಕುಂ ಹೊರಡಿಸಿದ್ದ ಟಿಪ್ಪು, ಮಾರಿಷಸ್‌ಗೆ ದೂತರನ್ನು ಕಳಿಸಿ ಫ್ರೆಂಚರ ನೆರವು ಕೇಳಿದ್ದ. ಮಂಗಳೂರಿಗೆ ಬಂದಿಳಿದದ್ದು ನೂರರ ಆಸುಪಾಸಿನ ಜನ! ಉಳಿದ ಆಸೆಯೆಲ್ಲ ಈಜಿಪ್ಟಿನಲ್ಲಿದ್ದ ನೆಪೋಲಿಯನ್ ಮೇಲೆ. ನೈಲ್ ಕದನ ಗೆದ್ದ ಇಂಗ್ಲಿಷ್ ನೌಕಾಪತಿ ನೆಲ್ಸನ್ ಸುಮ್ಮನೆ ಕೂರಲಿಲ್ಲ, ಒಬ್ಬ ಅಧಿಕಾರಿಯ ಕೈಲಿ ಅಲೆಪ್ಪೊ, ಬಾಗ್ದಾದ್, ಬಸ್ರಾ ದಾರಿಯಾಗಿ ಬೊಂಬಾಯಿಗೆ ಸುದ್ದಿ ಮುಟ್ಟಿಸಿದ. 1799ರ ಜನವರಿಯಲ್ಲಿ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದವೂ ಶ್ರೀರಂಗಪಟ್ಟಣ ಸೇರದೆ ಇಂಗ್ಲಿಷರ ಕೈಗೆ ಬಿತ್ತು. ಮೇ 4ಕ್ಕೆ ಕೋಟೆ ಹೋಯಿತು. ಫ್ರೆಂಚರು ಗೆದ್ದಿದ್ದರೆ ಇಲ್ಲಿಗೆ ಬಂದೇಬಿಡುತ್ತಿದ್ದರು ಅಂತ ನಾನೇನೂ ಹೇಳಲಾರೆ; ಕೆಂಪು ಸಮುದ್ರದಲ್ಲಿ ಅವರಿಗೆ ಸಾಲುವಷ್ಟು ಹಡಗುಗಳಿರಲಿಲ್ಲ. ಆದರೂ ಈ ಚಿತ್ರ ನೋಡಿದಾಗೆಲ್ಲ ಕಾವೇರಿ ದಂಡೆಯಲ್ಲಿ ಕಾಯುತ್ತಿದ್ದವನ ನೆನಪಾಗುತ್ತದೆ.

ಅಂಗಡಿಯವರು ಕೇಳಿದರು, “ಇದ್ರಲ್ಲಿ ನಮ್ಮೋರು ಯಾರು ಸಾರ್?” ಬೆರಳಿಟ್ಟು ತೋರಿಸಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ಅಂಚು ಒಂದಿಷ್ಟು ಕತ್ತರಿಸಿದರೆ ಅಳತೆಗೆ ಕೂರುತ್ತೆ ಅಂದರು. ಬೇಡವೇ ಬೇಡ ಅಂದೆ, ತಗಡಿನ ಗುರುತೇ ಹೋಗಿಬಿಡುತ್ತೆ. ಬುಧವಾರ ಕೊಡ್ತಾರಂತೆ. ಬರುವಾಗ ನಿಮ್ಮ ಭೂತಗನ್ನಡಿ ತನ್ನಿ, ನನ್ನದನ್ನು ಮೊಮ್ಮಗಳು ಒಡೆದಿದ್ದಾಳೆ.

ನಿಮ್ಮವ