ಮಾಳಿಗೆ, ಗುಡಗುಡಿ ಮತ್ತು ಮೊದಲನೇ ಮಹಡಿ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿ ಮಹಡಿಯನ್ನು ಬಾಡಿಗೆಗೆ ಕೊಟ್ಟವನಿಗೆ ತಿಂಗಳ ಬಾಡಿಗೆಯ ಜೊತೆಗೆ ಕೇಳದೆಯೇ ಬರುವ ಇನ್ನೊಂದು ಆದಾಯವಿದೆ. ಅದು ಮೇಲಿನವರ ಅಭಿರುಚಿ. ನಮ್ಮ ಒಗ್ಗರಣೆಯ ವಾಸನೆ ಮೇಲಕ್ಕೆ ಹೋಗುತ್ತದೆ, ಅವರ ಹಾಡು ಕೆಳಕ್ಕಿಳಿಯುತ್ತದೆ. ಈ ಕೊಡುಕೊಳ್ಳುವಿಕೆ ಕರಾರುಪತ್ರದಲ್ಲಿ ಇರುವುದಿಲ್ಲ. ನಮ್ಮ ಮೊದಲನೇ ಮಹಡಿಗೆ ಬಂದುಹೋದವರ ದಯದಿಂದ ತೆಲುಗು ಸಿನಿಮಾದ ಕುಣಿತದ ಹಾಡುಗಳನ್ನೂ ಒಡಿಯಾ ಭಜನೆಗಳನ್ನೂ ಕೇಳಿದ್ದೇನೆ. ಯಾವ ಭಾಷೆಯದೆಂದು ಇವತ್ತಿಗೂ ಪತ್ತೆಯಾಗದ ಒಂದು ಅಳುವಿನ ಹಾಡನ್ನಂತೂ ಒಂದಿಡೀ ಮಳೆಗಾಲ ಕೇಳಿದ್ದೇನೆ. ಪ್ರೇಮಭಂಗವಾಗಿತ್ತೋ, ಆ ಹುಡುಗನ ಬಳಿ ಇದ್ದದ್ದೇ ಅದೊಂದು ಹಾಡೋ ತಿಳಿಯಲಿಲ್ಲ.

ಕೊಡಿಗೇಹಳ್ಳಿ ಮೊದಲೇ ಸದ್ದಿನ ಊರು. ಒಂದು ಕಡೆ ಬಳ್ಳಾರಿ ರಸ್ತೆ, ಇನ್ನೊಂದು ಕಡೆ ಯಶವಂತಪುರದಿಂದ ಯಲಹಂಕಕ್ಕೆ ಹೋಗುವ ರೈಲು ಹಳಿ. ಬೆಳಗಿನ ಜಾವಕ್ಕೇ ನೀರಿನ ಟ್ಯಾಂಕರ್ ಮೋಟಾರು ಹಾಕುತ್ತದೆ. ಆಮೇಲೆ ಸೊಪ್ಪಿನವಳು, ಕಸದ ಗಾಡಿ, ಸಹಕಾರನಗರದ ಶಾಲಾ ವಾಹನಗಳ ಹಾರ್ನು. ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ಬಂತೆಂದರೆ ತಾಲೀಮಿನ ದಿನಗಳಲ್ಲಿ ತಲೆಯ ಮೇಲೆ ಆಕಾಶವೇ ಹರಿದುಹೋದಂತಾಗಿ ಪಾತ್ರೆ ಸ್ಟ್ಯಾಂಡಿನ ಲೋಟಗಳು ತಾವೇ ತಾಳ ಹಾಕುತ್ತವೆ. ಇಂಥ ಊರಿನಲ್ಲಿ ಒಂದು ಹಾಡು ಕಿವಿಗೆ ಬೀಳಬೇಕಾದರೆ ಅದಕ್ಕೆ ಒಳ್ಳೆಯ ರಾಗವಷ್ಟೇ ಸಾಲದು, ಮೊಣಕೈಯಿಂದ ತಿವಿದು ಜಾಗ ಮಾಡಿಕೊಳ್ಳುವ ಗಟ್ಟಿತನವೂ ಬೇಕು.

ಒಂದು ಭಾನುವಾರ ಮೇಲಿನಿಂದ ಅಂಥದ್ದೇ ಒಂದು ಹಾಡು ಇಳಿದು ಬಂತು. ಗಿಟಾರಿನ ಚುರುಕು ಮೀಟು, ನಡುವೆ ಪಿಟೀಲು, ಗಂಟಲನ್ನು ಪೂರ್ತಿ ತೆರೆದು ಹಾಡುವ ಒಬ್ಬ ಗಂಡಸು, ಅವನ ಹಿಂದೆ ಕೋರಸ್ಸು. ಪದಗಳು ಗೊತ್ತಿದ್ದವು. ಶಿಶುನಾಳ ಷರೀಫರ ಗುಡಗುಡಿಯ ಪದ! ಆದರೆ ನನಗೆ ಗೊತ್ತಿದ್ದ ಷರೀಫರು ಹೀಗೆ ಕುಣಿಯುತ್ತಿರಲಿಲ್ಲ. ಮೇಲೆ ಹತ್ತಿಹೋದೆ. ಬಾಗಿಲು ತೆರೆದ ಹುಡುಗ ನನ್ನ ಮುಖ ನೋಡಿದವನೇ, “ಸೌಂಡ್ ಜಾಸ್ತಿ ಆಯ್ತಾ ಅಂಕಲ್? ಕಮ್ಮಿ ಮಾಡ್ತೀನಿ” ಎಂದ. ಮನೆ ಮಾಲೀಕ ಮೆಟ್ಟಿಲು ಹತ್ತಿ ಬಂದರೆ ಬಾಡಿಗೆದಾರನಿಗೆ ಹೊಳೆಯುವುದು ಎರಡೇ ಕಾರಣ, ಇನ್ನೊಂದು ಬಾಡಿಗೆ.

“ಕಮ್ಮಿ ಬೇಡಪ್ಪ. ಯಾರು ಹಾಡಿರೋದು?”

“ರಘು ದೀಕ್ಷಿತ್ ಅಂಕಲ್. ಹಳೇದಿದು, 2008ರದ್ದು.”

ನಮ್ಮ ಕಾಲದವರ ಲೆಕ್ಕದಲ್ಲಿ ಹಳೇದು ಎಂದರೆ ಪಿ. ಕಾಳಿಂಗರಾಯರು. ಮೋಹನಕುಮಾರಿ, ಸೋಹನಕುಮಾರಿಯರನ್ನು ಜೊತೆಗಿಟ್ಟುಕೊಂಡು ಅವರು ಹಾಡಿದ ಜನಪದ ಗೀತೆಗಳನ್ನು ರೇಡಿಯೊದ ಗೊರಗೊರದ ಸಮೇತ ಕಲಿತವರು ನಾವು. ಆಮೇಲೆ ಬಂದದ್ದು ಕ್ಯಾಸೆಟ್ಟಿನ ಕಾಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದು, ಭಾವಗೀತೆಯನ್ನು ಸಭೆಯಿಂದ ಎತ್ತಿ ಮನೆಯ ಷೋಕೇಸಿನಲ್ಲಿ ತಂದಿಟ್ಟಿತು. ಷರೀಫರನ್ನು ನಮಗೆ ಕೊಟ್ಟವರು ಸಿ. ಅಶ್ವತ್ಥ್. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಸಿನಿಮಾ ಬಂದ ಮೇಲೆ ಷರೀಫರ ಮುಖ ಶ್ರೀಧರ್ ಅವರದ್ದು, ಧ್ವನಿ ಅಶ್ವತ್ಥರದ್ದು ಎಂದು ಕರ್ನಾಟಕವೇ ತೀರ್ಮಾನಿಸಿಬಿಟ್ಟಿತ್ತು. 2005ರಲ್ಲಿ ಇದೇ ಬಳ್ಳಾರಿ ರಸ್ತೆಯ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ನಡೆದಾಗ ಸೇರಿದ ಜನಸಾಗರ ಆ ತೀರ್ಮಾನಕ್ಕೆ ಹಾಕಿದ ಮೊಹರು. ಇಷ್ಟಾದ ಮೇಲೆ ಷರೀಫರಿಗೆ ಇನ್ನೊಂದು ಗಂಟಲು ಬೇಕಾಗಬಹುದು ಎಂದು ನನಗಂತೂ ಅನ್ನಿಸಿರಲಿಲ್ಲ.

ಹುಡುಗ ಇಡೀ ಆಲ್ಬಮ್ಮನ್ನು ನನ್ನ ಫೋನಿಗೆ ಹಾಕಿಕೊಟ್ಟ. ಹಾಡುಗಾರನ ಪೂರ್ವಾಪರವನ್ನೂ ಹೇಳಿದ. ಹುಟ್ಟಿದ್ದು ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಶಾಸ್ತ್ರ, ಅದರಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ. ಗಿಟಾರು ಕೈಗೆ ಬಂದದ್ದು ಕಾಲೇಜಿನ ಗೆಳೆಯನೊಬ್ಬ ನೃತ್ಯವನ್ನು ಗೇಲಿ ಮಾಡಿದ್ದಕ್ಕೆ, ಪಂತ ಕಟ್ಟಿ. ‘ಅಂತರಾಗ್ನಿ’ ಎಂಬ ತಂಡ ಕಟ್ಟಿ ವರ್ಷಾನುಗಟ್ಟಲೆ ಹಾಡಿದರೂ ಧ್ವನಿಮುದ್ರಣ ಕಂಪನಿಗಳು ಬಾಗಿಲು ತೆರೆಯಲಿಲ್ಲ. ಕೊನೆಗೆ ಮುಂಬೈಯಲ್ಲಿ ಇವರ ಹಾಡು ಕೇಳಿದ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಈ ಆಲ್ಬಮ್ ತಂದಿತು. ಆಮೇಲೆ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಈತ ಇಂಗ್ಲೆಂಡಿಗೂ ಹೋದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯಿಂದ ಹೊಸ ಕಲಾವಿದ ಪ್ರಶಸ್ತಿ. ನನ್ನ ಮನೆಯ ಮೊದಲನೇ ಮಹಡಿಗೆ ಬರುವ ಮೊದಲು ಷರೀಫರು ಲಂಡನ್ನಿಗೆ ಹೋಗಿ ಬಂದಿದ್ದರು.

2008 ನಮ್ಮ ಕಡೆಯವರಿಗೆ ಮರೆಯುವ ವರ್ಷವಲ್ಲ. ಆ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ದ್ರಾಕ್ಷಿ ತೋಟ, ಬಾಳೆ ತೋಟಗಳ ಕಡೆ ಹೋಗುತ್ತಿದ್ದ ರಸ್ತೆ ಇದ್ದಕ್ಕಿದ್ದ ಹಾಗೆ ಲೋಕಕ್ಕೆಲ್ಲ ಹೋಗುವ ರಸ್ತೆಯಾಯಿತು. ಕೊಡಿಗೇಹಳ್ಳಿ ಗೇಟಿನಲ್ಲಿ ಹಿಂದಿ, ಬೀದಿಯ ಒಳಗೆ ಕನ್ನಡ, ತೆಲುಗು, ಹುಡುಗರ ಫೋನಿನಲ್ಲಿ ಇಂಗ್ಲಿಷು ಎಂಬ ಈಗಿನ ವ್ಯವಸ್ಥೆ ಗಟ್ಟಿಯಾದದ್ದು ಆಗಿನಿಂದ. ಈ ಆಲ್ಬಮ್ಮಿನಲ್ಲೂ ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಒಂದೇ ಗೋಡೆಗೆ ಒರಗಿಕೊಂಡು ಕೂತಿವೆ. ಷರೀಫರ ಪಕ್ಕದಲ್ಲೇ ‘ನೋ ಮ್ಯಾನ್ ವಿಲ್ ಎವರ್ ಲವ್ ಯು ಲೈಕ್ ಐ ಡು’ ಎಂಬ ಪ್ರೇಮನಿವೇದನೆ. ಅದರಾಚೆ ‘ಹೇ ಭಗವಾನ್’, ದೇವರ ಬಳಿ ಬದುಕನ್ನು ಇನ್ನೊಮ್ಮೆ ಕೇಳುವ ಹಾಡು. ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಬಿಗಿ ಮನುಷ್ಯ. ಅಂಗಡಿಯವನು ಹಿಂದಿಯಲ್ಲಿ ಮಾತಾಡಿದರೆ ಕನ್ನಡದಲ್ಲೇ ಉತ್ತರ ಕೊಡುತ್ತೇನೆ. ಆದರೆ ಕಾಲಿಗೆ ಭಾಷಾಭಿಮಾನ ಇಲ್ಲ. ಹಿಂದಿ ಹಾಡಿಗೂ ಅದು ತಾಳ ಹಾಕತೊಡಗಿತು.

ಹಿಂದಿಯದೇ ಇನ್ನೊಂದು ಹಾಡು ‘ಮೈಸೂರ್ ಸೇ ಆಯೀ’. ಮೈಸೂರಿನಿಂದ ಬಂದವಳೊಬ್ಬಳ ಮೇಲೆ ಮರುಳಾದವನ ಹಾಡು. ನನ್ನ ಹೆಂಡತಿಯ ತವರು ಮೈಸೂರು, ಅದೂ ಅಗ್ರಹಾರದ ಹತ್ತಿರ. ಹಿಂದಿ ಅಷ್ಟಾಗಿ ಬಾರದ ಅವಳಿಗೆ ಮೈಸೂರು ಎಂಬುದೊಂದು ಕೇಳಿದ್ದೇ ಸಾಕಾಯಿತು. “ರೀ, ಅದನ್ನ ಇನ್ನೊಂದ್ಸಲ ಹಾಕಿ. ನಮ್ಮೂರಿನವಳ ಮೇಲೆ ಯಾರೋ ಒಬ್ರಾದ್ರೂ ಹಾಡು ಕಟ್ಟಿದಾರಲ್ಲ” ಎಂದಳು. ಆ ‘ಯಾರೋ ಒಬ್ರಾದ್ರೂ’ ಎಂಬುದರ ಮೇಲೆ ಬಿದ್ದ ಒತ್ತನ್ನು ನಾನು ಕೇಳಿಸಿಕೊಳ್ಳದವನ ಹಾಗೆ ಇದ್ದುಬಿಟ್ಟೆ. ಈಗ ಚಪಾತಿ ಲಟ್ಟಿಸುವ ಹೊತ್ತಿಗೆ ಆ ಹಾಡು ಖಾಯಂ. ಲಟ್ಟಣಿಗೆಯ ಲಯಕ್ಕೆ ಚೆನ್ನಾಗಿ ಹೊಂದುತ್ತದೆ.

ನನಗೆ ಗಂಟು ಬಿದ್ದದ್ದು ಮಾತ್ರ ಅದರಲ್ಲಿದ್ದ ಷರೀಫರದೇ ಇನ್ನೊಂದು ಪದ, ಸೋರುವ ಮಾಳಿಗೆಯ ಹಾಡು. ಅಶ್ವತ್ಥರ ಕಂಠದಲ್ಲಿ ಅದು ಆಕಾಶಕ್ಕೆ ಕೊಟ್ಟ ದೂರು. ಕೇಳಿದವರು ನೆಟ್ಟಗೆ ಕೂರಬೇಕು. ಇಲ್ಲಿ ಅದು ದೂರಲ್ಲ, ಪಕ್ಕದಲ್ಲಿ ಕೂತು ಹೇಳಿಕೊಳ್ಳುವ ಸಂಕಟ. ಕತ್ತಲೆಯಲ್ಲಿ ಮೇಲೆ ಹತ್ತಲಾರದ ಅಸಹಾಯಕತೆ, ಮುರಿದ ತೊಲೆ, ಹುಳುಕು ಹಿಡಿದ ಜಂತೆ ಎಲ್ಲವೂ ಮೊದಲು ನಿಜವಾದ ಮನೆಯಾಗಿ ಕಣ್ಣಿಗೆ ಕಾಣುತ್ತವೆ. ಮನೆ ಎಂದರೆ ಈ ದೇಹ, ಸೋರಿಕೆಯೆಂದರೆ ಅಜ್ಞಾನ ಎನ್ನುವುದು ಆಮೇಲೆ ನೆನಪಾಗುತ್ತದೆ. ನನಗಂತೂ ಅದು ನಿಜವಾದ ಮನೆಯೇ. ಏಕೆಂದರೆ ನಮ್ಮ ತಾರಸಿ ಸೋರುತ್ತಿತ್ತು. ಮಳೆ ಬಂದರೆ ಹುಡುಗನ ಅಡುಗೆಮನೆಯ ಮೂಲೆಯಲ್ಲಿ ಜಿನುಗು. ಅವನು ಹೇಳುತ್ತಲೇ ಇದ್ದ, ನಾನು ‘ಮಳೆ ನಿಲ್ಲಲಿ’ ಎನ್ನುತ್ತಲೇ ಇದ್ದೆ. ಮಳೆ ನಿಂತ ಮೇಲೆ ಸೋರುವುದಿಲ್ಲ, ಹಾಗಾಗಿ ರಿಪೇರಿಗೆ ಅವಸರವಿಲ್ಲ. ಮಳೆಗಾಲದಲ್ಲಿ ಅವನು ಆ ಹಾಡನ್ನೇ ಹೆಚ್ಚಾಗಿ ಹಾಕತೊಡಗಿದಾಗ ಇದು ಸಂಗೀತಪ್ರೇಮವೋ ಲೀಗಲ್ ನೋಟಿಸೋ ಎಂಬ ಅನುಮಾನ ಬಂತು. ಷರೀಫರಿಂದ ಹೇಳಿಸಿಕೊಂಡ ಮೇಲೆ ಸುಮ್ಮನಿರುವುದು ಚೆನ್ನಾಗಿರಲಿಲ್ಲ. ಗಾರೆ ಕೆಲಸದವರನ್ನು ಕರೆಸಿದೆ.

ಬಂದ ಮೇಸ್ತ್ರಿ ಸವಣೂರಿನ ಕಡೆಯವನು. ಷರೀಫರ ಶಿಶುನಾಳಕ್ಕೆ ಅವನ ಊರು ದೂರವಲ್ಲ. ತಾರಸಿಯ ಬಿರುಕು ಕೆತ್ತುತ್ತಿದ್ದವನು ಕೆಳಗಿನ ಕೋಣೆಯಿಂದ ಹಾಡು ಕೇಳಿ ಕೈ ನಿಲ್ಲಿಸಿದ. “ನಮ್ಮೂರಾಗ ಹಿಂಗ ಹಾಡಂಗಿಲ್ರಿ” ಎಂದು, ಕರಣೆಯಿಂದ ಬಾಂಡ್ಲಿಗೆ ತಟ್ಟುತ್ತ ತನ್ನ ಧಾಟಿಯಲ್ಲಿ ಶುರು ಮಾಡಿದ. ಅದು ಅಶ್ವತ್ಥರದ್ದೂ ಅಲ್ಲ, ರಘು ದೀಕ್ಷಿತರದ್ದೂ ಅಲ್ಲ. ಏಕತಾರಿ, ದಮ್ಮಡಿ, ತಾಳ ಹಿಡಿದ ಭಜನಾ ಮೇಳದ ನಡಿಗೆ. ಒಬ್ಬ ಸೊಲ್ಲು ಎತ್ತಿದರೆ ಉಳಿದವರೆಲ್ಲ ಪಲ್ಲವಿ ಹಿಡಿಯುವುದು. ಸಿಮೆಂಟು ಕಲಸುತ್ತಿದ್ದ ಅವನ ಅಳಿಯ ಅಲ್ಲಿಂದಲೇ ಪಲ್ಲವಿ ಹಿಡಿದ. ಮುಗಿದ ಮೇಲೆ, “ಹಂಗಾದ್ರ ಇದು ಚಲೋ ಇಲ್ಲೇನು?” ಎಂದು ಕೆಳಗಿನ ಕೋಣೆ ತೋರಿಸಿ, ಅವನ ಮಾತಿನ ಧಾಟಿಯನ್ನೇ ಎರವಲು ಪಡೆದು ಕೇಳಿದೆ. “ಚಲೋ ಯಾಕಿಲ್ರಿ? ಇದೂ ಚಲೋ ಐತಿ. ಕೂಡ ಹಾಡಾಕ ಬರ್ತೈತಲ್ರಿ, ಅಷ್ಟ ಸಾಕು” ಎಂದ.

ಕೂಡಿ ಹಾಡಲು ಬರುವುದು! ಎಷ್ಟೋ ವಿಮರ್ಶೆ ಓದಿದರೂ ನನಗೆ ಸಿಗದ ಅಳತೆಗೋಲು ಇದು. ಷರೀಫರು ಬದುಕಿದ್ದು 1819ರಿಂದ 1889ರವರೆಗೆ. ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಕಳಸದ ಗೋವಿಂದಭಟ್ಟರನ್ನು ಗುರು ಮಾಡಿಕೊಂಡು, ಮುಸ್ಲಿಮರಾಗಿಯೇ ಊರೂರಿನ ಗುಡಿ, ಜಾತ್ರೆ, ಮೊಹರಮ್ಮುಗಳಲ್ಲಿ ಪದ ಕಟ್ಟಿ ಹಾಡಿದರು. ಅವರಿಗೆ ಹೇಳಬೇಕಾಗಿದ್ದದ್ದು ಘನವಾದ ಅದ್ವೈತ. ಎದುರಿಗೆ ಇದ್ದವರು ದಿನವೆಲ್ಲ ಹೊಲದಲ್ಲಿ ದುಡಿದು ಬಂದ ಜನ. ಅದ್ವೈತವನ್ನೇ ಮೊದಲು ಬಡಿಸಿದರೆ ಜನ ಎದ್ದು ಹೋಗುತ್ತಾರೆ. ಅದಕ್ಕೇ ಗುಡಗುಡಿ ಸೇದುವುದರಿಂದ ಶುರು ಮಾಡಿದರು. ಸೇದುವವರಿಗೆಲ್ಲ ಕಿವಿ ನೆಟ್ಟಗಾಯಿತು. ಪಲ್ಲವಿ ನಾಲಿಗೆಗೆ ಹತ್ತಿದ ಮೇಲೆ ಮೆಲ್ಲಗೆ ಮನಸ್ಸನ್ನು ಸಂಚಿ ಮಾಡಿ, ಮೋಹವನ್ನು ಕೊಚ್ಚಿ ಚಿಲುಮೆಗೆ ತುಂಬಿ ಸುಡಿಸಿದರು. ಶಿವಮೊಗ್ಗ ಸುಬ್ಬಣ್ಣನವರ ದನಿಯಲ್ಲಿ ನಾವೆಲ್ಲ ಕೇಳಿದ ಕೋಡಗ–ಕೋಳಿಯ ಪದದಲ್ಲೂ ಇದೇ ಹೂಟ. ಮಕ್ಕಳು ನಗುತ್ತ ಕಲಿತುಬಿಡುತ್ತವೆ, ಅರ್ಥಕ್ಕೆ ತಲೆ ಕೆರೆದುಕೊಳ್ಳುವುದು ನಲವತ್ತು ದಾಟಿದ ಮೇಲೆ. ಮೊದಲು ಖುಷಿ, ತತ್ತ್ವ ಆಮೇಲೆ. ನಾವು ಮಾತ್ರ ತತ್ತ್ವಪದ ಎಂದೊಡನೆ ಕೈಮುಗಿದು, ಮುಖ ಗಂಭೀರ ಮಾಡಿಕೊಂಡು, ಖುಷಿಯನ್ನು ಚಪ್ಪಲಿ ಬಿಡುವ ಜಾಗದಲ್ಲೇ ಬಿಟ್ಟು ಒಳಗೆ ಹೋಗುತ್ತೇವೆ. ಈ ಆಲ್ಬಮ್ ಮಾಡಿದ್ದು ಇಷ್ಟೇ, ಆ ಖುಷಿಯನ್ನು ಒಳಗೆ ಕರೆತಂದು ಚಾಪೆಯ ಮೇಲೆ ಕೂರಿಸಿತು. ಗಿಟಾರು ಹೊಸದಿರಬಹುದು, ಉಪಾಯ ಷರೀಫರದ್ದೇ.

ಇದನ್ನೆಲ್ಲ ಸಹಕಾರನಗರದ ಪಾರ್ಕಿನಲ್ಲಿ ವಾಕಿಂಗಿಗೆ ಜೊತೆಯಾಗುವ ಸ್ನೇಹಿತರೊಬ್ಬರ ಮುಂದೆ ಹೇಳಿದೆ. ಅವರು ಅಶ್ವತ್ಥರ ಪರಮಭಕ್ತರು. “ಅಶ್ವತ್ಥ್ ಹಾಡಿದ್ಮೇಲೆ ಅದನ್ನ ಇನ್ನೊಬ್ರು ಮುಟ್ಟಬಾರದು ಕಣ್ರೀ. ಗಿಟಾರಂತೆ!” ಎಂದರು. ಅಶ್ವತ್ಥರೂ ಏಕತಾರಿ ಹಿಡಿದು ಹಾಡಿದವರಲ್ಲ, ದೊಡ್ಡ ವಾದ್ಯಮೇಳ ಕಟ್ಟಿಕೊಂಡೇ ಷರೀಫರನ್ನು ನಮಗೆ ಮುಟ್ಟಿಸಿದರು ಎಂದೆ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದಾಗ ಸಭೆಯಲ್ಲಿ ಕೂಗೆದ್ದಿತ್ತು, ಈಗ ಅದೇ ಚರಿತ್ರೆ ಎಂದೂ ಸೇರಿಸಿದೆ. ಡಿಲನ್ ಮಾತು ಅವರಿಗೆ ಹಿಡಿಸಲಿಲ್ಲ. ಮೇಸ್ತ್ರಿಯ ಮಾತು ಹೇಳಿದಾಗ ಮಾತ್ರ ಒಂದು ಸುತ್ತು ಸುಮ್ಮನೆ ನಡೆದರು.

ಗೇಟಿನ ಹತ್ತಿರ ಬಂದಾಗ, “ಆ ಲಿಂಕ್ ಏನಿದೆ, ವಾಟ್ಸಾಪ್ ಮಾಡ್ರಿ. ನನಗಲ್ಲ, ಮೊಮ್ಮಗಳಿಗೆ” ಎಂದರು. ಮೊಮ್ಮಗಳಿಗೆ ಇನ್ನೂ ಮಾತೇ ಬಂದಿಲ್ಲ. ಕಳಿಸಿದೆ. ಮರುದಿನ ಪಾರ್ಕಿನಲ್ಲಿ ಸಿಕ್ಕವರೇ ಪೀಠಿಕೆಯಿಲ್ಲದೆ ಹೇಳಿದರು: “ಆ ಮಾಳಿಗೆ ಹಾಡಲ್ಲಿ ಪಿಟೀಲು ಪರವಾಗಿಲ್ಲ ಕಣ್ರೀ. ಗುಡಗುಡೀನೂ ಪರವಾಗಿಲ್ಲ.” ಅವರ ಬಾಯಿಂದ ಎರಡು ‘ಪರವಾಗಿಲ್ಲ’ ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಾಲದ್ದಕ್ಕೆ ಮುಂದಿನ ಸುತ್ತಿನಲ್ಲಿ ಗುನುಗುತ್ತಲೂ ಇದ್ದರು. ಪಲ್ಲವಿ ಹಿಡಿದದ್ದು ನಾನು.