ಎರೆನೆಲದ ಒಗೆತದ ಮನೆ

ಗದಗ ಜಿಲ್ಲೆಯ ನರಗುಂದ ಸೀಮೆಗೆ ಬರುವ ಪ್ರವಾಸಿಗನ ಕಣ್ಣು ಮೊದಲು ನರಗುಂದದ ಗುಡ್ಡವನ್ನು ಅರಸುವುದು ಸಹಜ. 1858ರಲ್ಲಿ ಆಂಗ್ಲರಿಗೆ ಎದುರಾಗಿ ನಿಂತ ಬಾಬಾಸಾಹೇಬನ ಹೆಸರು ಆ ಗುಡ್ಡದ ಕೋಟೆಯೊಡನೆ ಬೆಸೆದುಕೊಂಡಿದೆ. ಆದರೆ ಚಿಕ್ಕನರಗುಂದದಂಥ ಹಳ್ಳಿಯನ್ನು ಅರಿಯಬೇಕಾದರೆ ದೃಷ್ಟಿಯನ್ನು ಗುಡ್ಡದಿಂದ ಇಳಿಸಿ ಕಾಲಕೆಳಗಿನ ನೆಲವನ್ನು ನೋಡಬೇಕು. ಸುತ್ತಲೂ ಕಪ್ಪನೆಯ ಎರೆಭೂಮಿ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು; ಮಳೆ ಬಿದ್ದೊಡನೆ ಉಬ್ಬಿ ಕಾಲಿಗೆ ಮೆತ್ತುವ ಜಿಗುಟು. ಜೋಳ, ಹತ್ತಿ, ಕಡಲೆಗಳನ್ನು ತಾಯಿಯಂತೆ ಸಲಹುವ ಈ ಮಣ್ಣು ಮನೆ ಕಟ್ಟುವವನ ಪಾಲಿಗೆ ಮಾತ್ರ ನಂಬಲಾಗದ ನೆಂಟ.

ಇಂಥ ನೆಲದ ಮೇಲೆ, ಮನೆಯೊಳಗೇ ಅರಿವೆ ಒಗೆಯುವ ಜಾಗವೆಂಬುದು ಈಚಿನ ಸಂಗತಿ. ಹಿಂದೆ ಅರಿವೆಯ ಗಂಟು ಕೆರೆಗೋ ಹಳ್ಳಕ್ಕೋ ಹೋಗುತ್ತಿತ್ತು. ಅಗಸರಿಗೆ ಸವುಳು ಮಣ್ಣೇ ಸಾಬೂನಾಗಿತ್ತು. ಬಾವಿಯ ನೀರು ಹಲವೆಡೆ ಗಡಸು. ಅದರಲ್ಲಿ ಸಾಬೂನು ನೊರೆಗಟ್ಟದು. ಮನೆಯ ಬಚ್ಚಲೆಂದರೆ ನಾಲ್ಕು ಕೊಡ ನೀರಿಗೆ ಸಾಲುವ ಒಂದು ಕಲ್ಲುಹಾಸು, ಅಷ್ಟೆ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆ ಕಾಲುವೆಗಳಾಗಿ ಈ ಬಯಲಿಗೆ ಹರಿದಳು. ಮುಂದೆ ನಲ್ಲಿ ಬಂದಿತು. ಈಗ ಒಗೆಯುವ ಯಂತ್ರವೂ ಬಂದಿದೆ. ನೀರಿನ ಬಳಕೆ ಹೆಚ್ಚಿತು. ಅದನ್ನು ಹೊರಬೇಕಾದ ನೆಲ ಮಾತ್ರ ಹಳೆಯದೇ.

ಇದೇನು ದೊಡ್ಡ ಮಾತೆಂದು ವಾಚಕರು ಕೇಳಬಹುದು. 2019–20ರ ಸುಮಾರಿಗೆ ನರಗುಂದ ಪಟ್ಟಣದಲ್ಲಿ ಮನೆಗಳ ಒಳಗೂ ಬೀದಿಗಳಲ್ಲೂ ನೆಲ ಹಠಾತ್ತನೆ ಕುಸಿಯತೊಡಗಿತು. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡಿದ್ದ ಹಗೇವುಗಳು, ಏರಿಬಂದ ಅಂತರ್ಜಲ—ಇವನ್ನೇ ಆಗ ಕಾರಣವಾಗಿ ಎತ್ತಿ ಹೇಳಲಾಯಿತು. ಬರಗಾಲದಲ್ಲಿ ಮನೆಮಂದಿಯನ್ನು ಉಳಿಸಿದ ಕಣಜವೇ ನೀರು ತಗುಲಿ ಬಾಯ್ದೆರೆದ ಗುಂಡಿಯಾಗಬಲ್ಲದು!

ಆದುದರಿಂದ ಹಬ್ಬಕ್ಕೆಂದು ಊರಿಗೆ ಹೋಗಿ, ಹಿರಿಯರ ಮನೆಯ ಬಚ್ಚಲನ್ನು ತಾವೇ ದುರಸ್ತಿ ಮಾಡಬೇಕೆನ್ನುವ ಗೃಹಸ್ಥರು ಹೊಳೆಯುವ ಹಾಸುಬಿಲ್ಲೆಗಳನ್ನು ಕೊಳ್ಳುವ ಮೊದಲು ಹಾರೆಯ ಹಿಡಿಯಿಂದ ನೆಲವನ್ನು ಬಡಿದು ನೋಡಬೇಕು. ಮನೆಯ ಮುದುಕರನ್ನು ಹಗೇವು ಎಲ್ಲಿತ್ತೆಂದು ಕೇಳಬೇಕು. ಪೊಳ್ಳು ಸದ್ದು ಬಂದರೆ ಕೆಲಸ ನಿಲ್ಲಿಸಿ, ಮನೆಮಂದಿಯನ್ನು ಅತ್ತ ಸುಳಿಯಗೊಡದೆ, ಬಲ್ಲ ಗೌಂಡಿಯನ್ನು ಕರೆಯಿಸುವುದೇ ಲೇಸು.

ನೆಲ ಗಟ್ಟಿಯಾಗಿದ್ದರೆ ಮುಂದಿನದು ತಾಳ್ಮೆಯ ಕೆಲಸ. ಹಳೆಯ ಕಲ್ಲುಗಳನ್ನೆತ್ತಿ, ಗೋಡೆಯ ಬುಡವನ್ನು ಕೆದಕದೆ, ನಡುವಿನ ಎರೆಮಣ್ಣನ್ನು ಸಾಧ್ಯವಾದಷ್ಟು ತೆಗೆದು ಹಾಕಬೇಕು. ಆ ಜಾಗದಲ್ಲಿ ಗರಸನ್ನು ಪದರ ಪದರವಾಗಿ ಹಾಕಿ, ತುಸುವೇ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಗರಸು ಎರೆಯಂತೆ ಉಬ್ಬಿ ಕುಗ್ಗುವುದಿಲ್ಲ. ಅದರ ಮೇಲೆ ಗಾರೆ ಹಾಕಿ, ಶಹಾಬಾದಿನ ಕಲ್ಲು ಕೂರಿಸಿ, ಅಡಿಗೆ ಕಾಲಂಗುಲದಂತೆ ವಾಟ ಕೊಟ್ಟರೆ ನೀರು ನಿಲ್ಲದು. ಮಣ್ಣಿನ ಗೋಡೆಯ ಬುಡಕ್ಕೆ ಎರಡು ಮೂರು ಅಡಿ ಎತ್ತರದ ಕಲ್ಲಿನ ಹೊದಿಕೆ ಅವಶ್ಯ. ಸಂದುಗಳನ್ನು ತುಂಬುವ ಮುನ್ನ ಒಂದು ಬಿಂದಿಗೆ ನೀರು ಸುರಿದು ನೋಡುವುದು ಲೇಸು. ವಾಟದ ತಪ್ಪನ್ನು ನೀರೇ ತೋರಿಸಿಕೊಡುತ್ತದೆ.

ಹೊರಗೆ ಹೋದ ನೀರಿನ ಗತಿಯೇನೆಂಬುದನ್ನು ಅನೇಕರು ಯೋಚಿಸುವುದಿಲ್ಲ. ಎರೆಮಣ್ಣು ನೀರನ್ನು ಬೇಗ ಇಂಗಿಸುವುದಿಲ್ಲ. ಗೋಡೆಯ ಮಗ್ಗುಲಲ್ಲೇ ಇಂಗುಗುಂಡಿ ತೆಗೆದರೆ ಅದು ಬುನಾದಿಗೆ ತೋಡಿದ ಗುಂಡಿಯೇ ಸರಿ. ಕೊಳವೆಯಲ್ಲಿ ಹಿತ್ತಿಲ ಕೊನೆಗೆ ಒಯ್ದು ಬಾಳೆಯ ಬುಡಕ್ಕೆ ಬಿಡುವುದು ಮೇಲು.

ಕೊನೆಗೊಂದು ಮಾತು. ಈ ಜಾಗದಲ್ಲಿ ದಿನವೂ ಬೆನ್ನು ಬಗ್ಗಿಸುವವರು ಮನೆಯ ಹೆಂಗಸರು. ಒಗೆಯುವ ಕಲ್ಲನ್ನು ನೆಲಮಟ್ಟದಲ್ಲಿ ಕೂರಿಸುವ ಬದಲು ಸೊಂಟದೆತ್ತರದ ಕಟ್ಟೆಯ ಮೇಲೆ ಕೂರಿಸಲು ನಾಲ್ಕು ಕಲ್ಲು, ಒಂದು ದಿನದ ದುಡಿಮೆ ಸಾಕು. ಎಷ್ಟು ಎತ್ತರವಿರಬೇಕೆಂಬುದನ್ನು ಯಜಮಾನನು ತಾನೇ ನಿರ್ಧರಿಸದೆ, ಒಗೆಯುವವರನ್ನು ನಿಲ್ಲಿಸಿ ಅಳೆದುಕೊಳ್ಳಲಿ.