ಒಳಕೋಣೆಯಿಂದ ಬಂದ ದನಿ

ಅಪ್ಪನ ಪ್ರಾರ್ಥನೆ ನಮ್ಮ ಓಣಿಗೆಲ್ಲ ಕೇಳುತ್ತಿತ್ತು. ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಹಂಚು ಒತ್ತುವ ಯಂತ್ರದ ಪಕ್ಕ 31 ವರ್ಷ ದುಡಿದವರು ಅವರು. ಆ ಗದ್ದಲದಲ್ಲಿ ಕೂಗಿಯೇ ಮಾತಾಡಬೇಕು. ಮನೆಗೆ ಬಂದ ಮೇಲೂ ದನಿ ಇಳಿಯುತ್ತಿರಲಿಲ್ಲ. ರಾತ್ರಿ ಏಳೂವರೆಗೆ ಚಾವಡಿಯಲ್ಲಿ ಚಾಪೆ ಹಾಸಿ ಕೂತು ಅಪ್ಪ ದೇವರನ್ನು ಕರೆದರೆ, ಆಚೆಮನೆಯವರು ಗಂಟೆ ಎಷ್ಟೆಂದು ತಿಳಿದು ಮಕ್ಕಳನ್ನು ಊಟಕ್ಕೆ ಎಬ್ಬಿಸುತ್ತಿದ್ದರು.

ನಮ್ಮದು ಜೆಪ್ಪು ಕಡೆಯ ಬಾಸೆಲ್ ಮಿಷನ್ ಮನೆತನ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್, ದೀಕ್ಷಾಸ್ನಾನ ಪಡೆದು ಮನೆಮಠ, ಕಸುಬು ಕಳೆದುಕೊಂಡವರ ಹೊಟ್ಟೆಪಾಡಿಗೆಂದು ನೇಯ್ಗೆ, ಅಚ್ಚುಕೂಟ, ಹಂಚಿನ ಕೆಲಸಗಳನ್ನು ಶುರುಮಾಡಿತು. ಜೆಪ್ಪುವಿನಲ್ಲಿ 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಹೊಳೆದಂಡೆಯ ಜೇಡಿಮಣ್ಣಿನಿಂದ ಹಂಚು ಸುಡಲು ತೊಡಗಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಹಂಚಿನ ಕೆಲಸ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು, ಕುಟುಂಬ ಪ್ರಾರ್ಥನೆಯೂ ಉಳಿಯಿತು. ಅಜ್ಜನ ಕಾಲದ ಕ್ರಮವನ್ನೇ ಅಪ್ಪ ಹಿಡಿದಿದ್ದರು: ಸತ್ಯವೇದದ ಒಂದು ಅಧ್ಯಾಯ, ಒಂದು ಸಂಗೀತ, ಅಪ್ಪನ ಉದ್ದದ ಪ್ರಾರ್ಥನೆ, ಕಡೆಗೆ ಎಲ್ಲರೂ ಒಟ್ಟಿಗೆ ಹೇಳುವ, ಕರ್ತನು ಕಲಿಸಿದ ಪ್ರಾರ್ಥನೆ.

1986ರ ಆಟಿ ತಿಂಗಳು. ಹೊರಗೆ ಮಳೆ ಬಡಿಯುತ್ತಿತ್ತು. ಬೆಳಿಗ್ಗೆ ಅಪ್ಪನ ಕೈಯಿಂದ ಚಹದ ಲೋಟ ಜಾರಿತು. ಬಗ್ಗಿ ತೆಗೆಯಲು ಹೋದವರು ಹಾಗೆಯೇ ಬಲಕ್ಕೆ ವಾಲಿದರು. ಪಾರ್ಶ್ವವಾಯು. ಹದಿನೆಂಟು ದಿನ ಆಸ್ಪತ್ರೆಯಲ್ಲಿಟ್ಟು ಕರೆತಂದಾಗ ಬಲಗೈ ಬಲಗಾಲಿನಲ್ಲಿ ಬಲವಿರಲಿಲ್ಲ, ಬಾಯಲ್ಲಿ ಒಂದೇ ಮಾತು ಉಳಿದಿತ್ತು: ‘ಅದು’. ನೀರು ಬೇಕಾದರೂ ಅದು, ಬೆನ್ನು ನೋವಾದರೂ ಅದು, ನನ್ನನ್ನು ಕರೆಯಲೂ ಅದು. ನಾವು ತಪ್ಪು ತಿಳಿದು ಬೇರೇನೋ ತಂದುಕೊಟ್ಟಾಗ ಅವರ ಕಣ್ಣು ತುಂಬಿ ಬರುತ್ತಿತ್ತು. ಬುದ್ಧಿ ಪೂರ್ತಿ ನೆಟ್ಟಗಿತ್ತು. ಅದೇ ನಮಗೆ ನೋಡಲಾಗದ ಸಂಗತಿ.

ನನಗಾಗ ಹದಿನೇಳು ವರ್ಷ. ಆ ದಿನಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಓಣಿಗೇ ಕೇಳುವ ಹಾಗೆ ಪ್ರಾರ್ಥಿಸುತ್ತಿದ್ದವರು, ನಮ್ಮ ಪ್ರಾರ್ಥನೆ ಕಿವಿಗೆ ಬಿದ್ದರೆ ಎಷ್ಟು ನೊಂದುಕೊಂಡಾರು ಎಂದು ಯೋಚಿಸಿ, ಅಪ್ಪನನ್ನು ಒಳಕೋಣೆಯ ಮಂಚದಲ್ಲೇ ಮಲಗಿಸಿ, ಬಾಗಿಲು ಮುಂದೆ ಮಾಡಿ, ಚಾವಡಿಯಲ್ಲಿ ಮೆಲ್ಲಗೆ ಪ್ರಾರ್ಥನೆ ಮುಗಿಸೋಣ ಎಂದವನು ನಾನು. ಅಮ್ಮ ಸೋತು ಹೋಗಿದ್ದರು, ಒಪ್ಪಿದರು. ಪ್ರತಿದಿನ ಕೇಳಿಕೊಂಡದ್ದು ಒಂದನ್ನೇ: ಅಪ್ಪನಿಗೆ ಮಾತು ಕೊಡು. ಸಭೆಯ ಪ್ರಾರ್ಥನಾ ಕೂಟದಲ್ಲೂ ಅದನ್ನೇ ಕೇಳಿಕೊಂಡೆವು. ಎರಡು ತಿಂಗಳು ಕಳೆಯಿತು, ಮೂರಾಯಿತು. ನನಗೆ ಕೇಳಿ ಸಾಕಾಗಿತ್ತು. ಮಂಗಳೂರಿನ ಮಳೆಗೆ ಕೂಗಿದ ಹಾಗೆ ಅನಿಸುತ್ತಿತ್ತು.

ಒಂದು ದಿನ ಬೆಳಗಾಗುವ ಮೊದಲೇ ಎದ್ದವನು ಒಳಕೋಣೆಗೆ ಇಣುಕಿದೆ. ಅಪ್ಪ ಗೋಡೆಗೆ ಒರಗಿ ಕೂತಿದ್ದರು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಮಾತು ಕಲಿಯಲು ಹೆಣಗುತ್ತಿದ್ದಾರೆಂದುಕೊಂಡು ಹತ್ತಿರ ಹೋಗಿ, “ನಿಧಾನ ಅಪ್ಪಾ, ನೀ...ರು ಅನ್ನಿ” ಎಂದೆ. ಅವರು ಎಡಗೈ ಎತ್ತಿ ನನ್ನನ್ನು ತಡೆದರು. ಹಿಂದೆ ಬಂದು ನಿಂತಿದ್ದ ಅಮ್ಮ ನನ್ನ ಭುಜ ಹಿಡಿದು ಹೊರಗೆ ಕರೆತಂದರು.

“ಅವರು ಪ್ರಾರ್ಥನೆ ಮಾಡುದು ಮಗಾ. ಆಸ್ಪತ್ರೆಯಲ್ಲೂ ದಿನಾ ಹೀಗೇ ಮಾಡ್ತಿದ್ರು.”

“ಮಾತೇ ಇಲ್ಲದೆ?”

“ನಿನಗೆ ತಿಳಿಯದಿದ್ರೆ ಕೇಳುವವನಿಗೂ ತಿಳಿಯುದಿಲ್ವಾ?”

ಹನ್ನಳ ಕಥೆ ನನಗೆ ಸಂಡೇ ಸ್ಕೂಲಿನಿಂದಲೇ ಬಾಯಿಪಾಠ. ಮಕ್ಕಳಿಲ್ಲದ ಹೆಂಗಸು ಶೀಲೋವಿನ ದೇವಮಂದಿರದಲ್ಲಿ ತುಟಿ ಮಾತ್ರ ಅಲುಗಿಸುತ್ತ ಪ್ರಾರ್ಥಿಸಿದಳು. ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ಗದರಿದ. ಅವನೇನು ಕೆಟ್ಟವನಲ್ಲ, ಕಣ್ಣೆದುರಿನ ಪ್ರಾರ್ಥನೆ ಅವನಿಗೆ ಗುರುತು ಸಿಗಲಿಲ್ಲ ಅಷ್ಟೆ. ಆ ಬೆಳಿಗ್ಗೆ ಏಲಿಯ ಜಾಗದಲ್ಲಿ ನಾನಿದ್ದೆ. ಮನೆಯಲ್ಲಿ ಯಾರಿಗೂ ಅರ್ಥವಾಗದ ಮನುಷ್ಯ ಮೂರು ತಿಂಗಳಿಂದ ಒಬ್ಬನ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ಅಪ್ಪ ಅಷ್ಟು ದಿನ ಕುಗ್ಗದೆ ಇದ್ದದ್ದು ಹೇಗೆಂದು ಆಗ ತಿಳಿಯಿತು.

ಅಂದು ರಾತ್ರಿ ನಾನೂ ತಮ್ಮನೂ ಅಪ್ಪನನ್ನು ಎತ್ತಿ ತಂದು ಚಾವಡಿಯ ಕುರ್ಚಿಯಲ್ಲಿ ಕೂರಿಸಿದೆವು. ಮರುದಿನವೂ, ಅದರ ಮರುದಿನವೂ. ಮೂರನೆಯ ವಾರದಲ್ಲಿ ಇರಬೇಕು, ಎಲ್ಲರೂ ಒಟ್ಟಿಗೆ ಕರ್ತನ ಪ್ರಾರ್ಥನೆ ಹೇಳುತ್ತಿದ್ದೆವು. ಅನುದಿನದ ಆಹಾರ ಬೇಡುವ ಜಾಗಕ್ಕೆ ಬಂದಾಗ ನಮ್ಮ ದನಿಗಳ ಅಡಿಯಲ್ಲಿ ಇನ್ನೊಂದು ದನಿ ಎದ್ದಿತು. ದಪ್ಪ, ಒರಟು ದನಿ. ತಮ್ಮ ನಿಲ್ಲಿಸಿಬಿಟ್ಟ. ಅಮ್ಮ ಕಣ್ಣು ತೆರೆಯದೆ, ದನಿ ನಡುಗುತ್ತಿದ್ದರೂ ನಿಲ್ಲಿಸದೆ ಮುಂದುವರಿಸಿದರು. ಅಪ್ಪ ಅಮ್ಮನ ಜೊತೆ ಕಡೆಯವರೆಗೂ ಬಂದರು, ಆಮೆನ್ ಎಂದರು. ಆಚೆಮನೆಯವರು ಓಡಿಬಂದು ಬಾಗಿಲಲ್ಲಿ ನಿಂತರು.

ಮಾತು ಬಂತೆಂದು ನಾವು ಕುಣಿದೆವು. ಬಂದಿರಲಿಲ್ಲ. “ಅಪ್ಪಾ, ನನ್ನ ಹೆಸರು ಹೇಳಿ” ಎಂದರೆ, ‘ಅದು’. ವೈದ್ಯರು ಅಚ್ಚರಿಪಡಲಿಲ್ಲ. ಮಾತು ಹೋದವರೂ ಹಾಡುತ್ತಾರೆ, ಬಾಯಿಪಾಠವಾದದ್ದನ್ನು ಹೇಳುತ್ತಾರೆ, ಹೊಸ ಮಾತು ಕಟ್ಟುವ ದಾರಿಯೇ ಬೇರೆ ಎಂದು ತಿಳಿಸಿ ಹೇಳಿದರು. ನಂತರ ನಾನೂ ಓದಿದೆ: 18ನೇ ಶತಮಾನದ ಸ್ವೀಡನ್ನಿನಲ್ಲಿಯೇ ಬಲಭಾಗ ಬಿದ್ದು ಮಾತು ಹೋದ ಒಬ್ಬ, ಮೊದಲು ಕಲಿತಿದ್ದ ಸ್ತುತಿಗೀತೆಗಳನ್ನು ಹಾಡುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ವೈದ್ಯರ ಮಾತು ಕೇಳಿ ನನ್ನ ಮುಖ ಸಣ್ಣದಾಯಿತು. ಅಮ್ಮನದ್ದು ಆಗಲಿಲ್ಲ. “ಅವರು ಹೇಳಿದ್ದು ಸರಿಯೇ. ಆ ಮಾತು ತಲೆಯ ಯಾವ ಮೂಲೆಯಲ್ಲಿತ್ತು ಅಂತ ಅವರಿಗೆ ಗೊತ್ತುಂಟು. ಕಾದು ಇಟ್ಟದ್ದು ಯಾರು ಅಂತ ನಂಗೆ ಗೊತ್ತುಂಟು,” ಎಂದರು.

ನಾವು ಬೇಡಿದ್ದು ಮಾತು. ಅದು ಸಿಗಲಿಲ್ಲ, ಈಗಲೂ ಸಿಕ್ಕಿತೆಂದು ಸುಳ್ಳು ಹೇಳಲಾರೆ. ಆದರೆ ನಮ್ಮ ಮನೆಯ ಪ್ರಾರ್ಥನೆಗೆ ಕಿವಿಗೊಟ್ಟವನೊಬ್ಬನಿದ್ದ ಎಂಬುದರಲ್ಲಿ ಅಂದಿನಿಂದ ನನಗೆ ಸಂಶಯ ಬಂದಿಲ್ಲ. ನಾವು ಕೇಳಿಕೊಳ್ಳಲು ಕಲಿಯುವ ಮೊದಲೇ ಅವನು ಬಾಗಿಲು ಮುಂದೆ ಮಾಡಿದ ಒಳಕೋಣೆಯಲ್ಲಿ ಅಪ್ಪನ ಬಳಿ ಕೂತಿದ್ದ.

ಆ ವರ್ಷದ ಬೆಳೆ ಹಬ್ಬಕ್ಕೆ ಅಮ್ಮ ಹಿತ್ತಲಿನ ತೆಂಗಿನಕಾಯಿ, ಒಂದು ಬಾಳೆಗೊನೆ, ಜೊತೆಗೆ ಸ್ತೋತ್ರ ಕಾಣಿಕೆಯ ಲಕೋಟೆ ಒಪ್ಪಿಸಿದರು. ಲಕೋಟೆಯ ಮೇಲೆ ಬರೆದದ್ದು ಇಷ್ಟೇ: ಪ್ರಾರ್ಥನೆ ಕೇಳಿದ್ದಕ್ಕೆ. ಅಪ್ಪ ಇನ್ನೂ ಆರು ವರ್ಷ ಬದುಕಿದರು. ಆರು ವರ್ಷವೂ ರಾತ್ರಿ ಏಳೂವರೆಗೆ ಓಣಿಗೆ ಅವರ ದನಿ ಕೇಳಿಸಿತು.

ನಿಮ್ಮ ಮನೆಯಲ್ಲೂ ಮಾತು ನಿಂತವರು ಇರಬಹುದು. ಪ್ರಾರ್ಥನೆಯ ಹೊತ್ತಿಗೆ ದಯಮಾಡಿ ಅವರನ್ನು ಒಳಕೋಣೆಯಲ್ಲಿ ಬಿಡಬೇಡಿ. ಚಾವಡಿಗೆ ಕರೆತನ್ನಿ, ನಡುವೆ ಕೂರಿಸಿಕೊಳ್ಳಿ, ನಿಧಾನವಾಗಿ ಹೇಳಿ.